ಅಲೆಕ್ಸಾಂಡ್ರಿಯಾ: ಕಂಬದ ಬುಡದಲ್ಲಿ ಹೇಳುವ ಕಥೆ

ಕೈರೋದಿಂದ ಅಲೆಕ್ಸಾಂಡ್ರಿಯಾಕ್ಕೆ ಮರುಭೂಮಿಯ ಹೆದ್ದಾರಿಯಲ್ಲಿ ಸುಮಾರು 220 ಕಿಲೋಮೀಟರ್. ಬೆಳಗ್ಗೆ ಏಳಕ್ಕೆ ಹೊರಟ ಪ್ರವಾಸಿ ಬಸ್ಸು ಹತ್ತರ ಹೊತ್ತಿಗೆ ಊರು ಸೇರುತ್ತದೆ, ಸಂಜೆಯಾಗುತ್ತಲೇ ಮರಳಿ ಹೊರಡುತ್ತದೆ. ನಡುವೆ ಸಿಗುವ ಆರೇಳು ಗಂಟೆಗಳಲ್ಲಿ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ನಗರವೊಂದನ್ನು ತೋರಿಸಿ ಮುಗಿಸಬೇಕು. ಹಡಗಿನಲ್ಲಿ ಬರುವ ವಿಹಾರಿಗಳ ಕಥೆ ಇನ್ನೂ ವಿಚಿತ್ರ. ಅವರಲ್ಲಿ ಹೆಚ್ಚಿನವರು ಅಲೆಕ್ಸಾಂಡ್ರಿಯಾದ ಬಂದರಿನಲ್ಲಿ ಇಳಿದು, ಅಲ್ಲೇ ಕಾದಿರುವ ಬಸ್ಸು ಹತ್ತಿ, ಪಿರಮಿಡ್ ನೋಡಲು ಕೈರೋದ ಕಡೆಗೆ ಹೊರಟುಬಿಡುತ್ತಾರೆ. ಒಂದು ಕಾಲದಲ್ಲಿ ಭೂಮಧ್ಯ ಸಮುದ್ರದ ದೊಡ್ಡ ಪಟ್ಟಣವಾಗಿದ್ದ ಊರು ಅವರ ಪಾಲಿಗೆ ಒಂದು ಬಸ್ ನಿಲ್ದಾಣ.

ಊರೊಳಗಿನ ಬಸ್ಸಿನ ದಾರಿ ಬಹುಮಟ್ಟಿಗೆ ನಿಗದಿಯಾಗಿದೆ. ಮೊದಲು ಕೋಮ್ ಅಲ್ ಶುಖಾಫದ ನೆಲಮಾಳಿಗೆ ಗೋರಿಗಳು, ಆಮೇಲೆ ಪಾಂಪೆಯ ಕಂಬ, ಕಡಲಂಚಿನ ಖಾಯಿತ್‌ಬೇ ಕೋಟೆ, ಮೀನಿನ ಊಟ, ಕೊನೆಗೆ ಹೊಸ ಗ್ರಂಥಾಲಯ. ಸಮಯವಿದ್ದರೆ ಅಬುಲ್ ಅಬ್ಬಾಸ್ ಅಲ್ ಮುರ್ಸಿ ಮಸೀದಿಯ ಮುಂದೊಂದು ಸುತ್ತು, ಮುಂತಝಾ ಉದ್ಯಾನದಲ್ಲಿ ಅರ್ಧ ಗಂಟೆ. ಒಂದು ಊರಿನ ಇತಿಹಾಸದಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಹೀಗೆ ಬಸ್ಸು ನಿಲ್ಲಿಸಲು ಇರುವ ಜಾಗವೂ ನಿರ್ಧರಿಸುತ್ತದೆ. ಆದ್ದರಿಂದ ಈ ಬಸ್ಸಿನ ದಾರಿಯನ್ನೇ ಹಿಡಿದು ಹೋಗಿ, ಅದು ನಿಲ್ಲುವಲ್ಲಿ ಏನು ಹೇಳಲಾಗುತ್ತದೆ, ನಿಲ್ಲದೆ ದಾಟಿ ಹೋಗುವಲ್ಲಿ ಏನು ಉಳಿದುಬಿಡುತ್ತದೆ ಎಂದು ನೋಡುವುದು ಒಳ್ಳೆಯದು.

ಗೋರಿಗಳ ಬಳಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. 1900ರಲ್ಲಿ ಒಂದು ಕತ್ತೆ ನೆಲ ಕುಸಿದು ಹೊಂಡಕ್ಕೆ ಬಿದ್ದದ್ದರಿಂದ ಇವು ಬೆಳಕಿಗೆ ಬಂದವು ಎಂಬ ಕಥೆ ಎಲ್ಲ ಮಾರ್ಗದರ್ಶಿಗಳಿಗೂ ಪ್ರಿಯವಾದದ್ದು. ಸುರುಳಿ ಮೆಟ್ಟಿಲಿಳಿದು ಹೋದರೆ ಕ್ರಿ.ಶ. ಎರಡನೇ ಶತಮಾನದ ಕೋಣೆಗಳು. ನಾಯಿಮುಖದ ಈಜಿಪ್ಟಿನ ದೇವರು ಅನೂಬಿಸ್ ಇಲ್ಲಿ ರೋಮನ್ ಸೈನಿಕನ ಉಡುಪು ತೊಟ್ಟು ನಿಂತಿದ್ದಾನೆ. ಈಜಿಪ್ಟಿನ ದೇವರು, ಗ್ರೀಕ್ ಕೆತ್ತನೆ, ರೋಮನ್ ಕವಚ: ಊರಿನ ಸ್ವಭಾವ ಏನೆಂದು ಆ ಒಂದು ಗೋಡೆಯೇ ಹೇಳುತ್ತದೆ.

ನಿಲ್ಲಬೇಕಾದದ್ದು ಕಂಬದ ಬಳಿ. ಅಸ್ವಾನಿನ ಕೆಂಪು ಗ್ರಾನೈಟಿನ ಈ ಕಂಬ ಸುಮಾರು 27 ಮೀಟರ್ ಎತ್ತರವಿದೆ. ಇದಕ್ಕೂ ರೋಮಿನ ಸೇನಾಪತಿ ಪಾಂಪೆಗೂ ಯಾವ ಸಂಬಂಧವೂ ಇಲ್ಲ. ಮಧ್ಯಯುಗದ ಯುರೋಪಿಯನ್ನರು ಪಾಂಪೆಯ ತಲೆ ಇಲ್ಲಿದೆಯೆಂದು ನಂಬಿ ಆ ಹೆಸರಿಟ್ಟರು. ಇದು ಸಾಮ್ರಾಟ ಡಯೋಕ್ಲೀಷಿಯನ್‌ನ ಗೌರವಾರ್ಥ, ಕ್ರಿ.ಶ. 300ರ ಆಸುಪಾಸಿನಲ್ಲಿ ನಿಲ್ಲಿಸಿದ ಕಂಬವೆಂದು ಅದರ ಪೀಠದ ಶಾಸನದಿಂದ ತಿಳಿಯುತ್ತದೆ. ದಂಗೆಯೆದ್ದ ಇದೇ ನಗರವನ್ನು ತಿಂಗಳುಗಟ್ಟಲೆ ಮುತ್ತಿ ಮಣಿಸಿದವನು ಆತ. ಅರಬರು ಇದನ್ನು ಅಮೂದುಸ್ಸವಾರೀ ಎಂದು ಕರೆದರು. ಕಂಬ ನಿಂತಿರುವ ದಿಬ್ಬದಲ್ಲಿ ಸೆರಾಪಿಸ್ ದೇವರ ದೊಡ್ಡ ಆಲಯವಿತ್ತು, ಅದರೊಂದಿಗೆ ಅಲೆಕ್ಸಾಂಡ್ರಿಯಾದ ಪ್ರಸಿದ್ಧ ಗ್ರಂಥಾಲಯದ ಒಂದು ಶಾಖೆಯೂ ಇತ್ತು. ಈ ಮಾತು ಬಂದೊಡನೆ ಗುಂಪಿನಲ್ಲಿ ಯಾರಾದರೊಬ್ಬರು ಆ ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಗ್ರಂಥಾಲಯವನ್ನು ಸುಟ್ಟವರು ಯಾರು?

ನಮ್ಮಲ್ಲಿ ಇದಕ್ಕೆ ಸಿದ್ಧ ಉತ್ತರವೊಂದು ಬಹುಕಾಲದಿಂದ ಚಲಾವಣೆಯಲ್ಲಿದೆ. ಈಜಿಪ್ಟನ್ನು ಗೆದ್ದ ಅಮ್ರ್ ಬಿನ್ ಆಸ್(ರ) ಗ್ರಂಥಗಳನ್ನು ಏನು ಮಾಡಲೆಂದು ಖಲೀಫ ಉಮರ್(ರ)ರಿಗೆ ಪತ್ರ ಬರೆದರಂತೆ. ಅವು ಕುರ್‌ಆನಿಗೆ ಹೊಂದುವುದಾದರೆ ಅನಗತ್ಯ, ಹೊಂದದಿದ್ದರೆ ಅಪಾಯ, ಹೇಗಿದ್ದರೂ ನಾಶ ಮಾಡಿ ಎಂಬ ಉತ್ತರ ಬಂತಂತೆ. ನಗರದ 4000 ಸ್ನಾನಗೃಹಗಳಿಗೆ ಗ್ರಂಥಗಳನ್ನು ಉರುವಲಾಗಿ ಹಂಚಲಾಯಿತಂತೆ, ಆರು ತಿಂಗಳ ಕಾಲ ನೀರು ಕಾಯಿಸಲು ಅವು ಸಾಕಾದುವಂತೆ. ಭಾಷಣಗಳಲ್ಲೂ ಲೇಖನಗಳಲ್ಲೂ ಈ ಕಥೆ ಇತಿಹಾಸವೆಂಬಂತೆ ಬರುತ್ತದೆ. ಅದನ್ನು ಕೇಳಿದ ಮುಸ್ಲಿಮ್ ಓದುಗ ಒಂದೋ ತಲೆ ತಗ್ಗಿಸುತ್ತಾನೆ, ಇಲ್ಲವೇ ಸಿಟ್ಟಾಗುತ್ತಾನೆ. ಎರಡರಿಂದಲೂ ಪ್ರಯೋಜನವಿಲ್ಲ. ಕಥೆ ಎಲ್ಲಿಂದ ಬಂತು ಎಂದು ಹುಡುಕಬೇಕು.

ಅದು ಮೊದಲು ಕಾಣಿಸಿಕೊಳ್ಳುವುದು ಇದೇ ಕಂಬದ ವರ್ಣನೆಯಲ್ಲಿ. ಅಮ್ರ್ ಅವರ ಸೇನೆ ನಗರವನ್ನು ಪ್ರವೇಶಿಸಿದ್ದು ಕ್ರಿ.ಶ. 642ರಲ್ಲಿ. ಕಥೆ ಬರಹದಲ್ಲಿ ಸಿಗುವುದು ಸುಮಾರು 1200ರ ಹೊತ್ತಿಗೆ, ಅಂದರೆ ಐದೂವರೆ ಶತಮಾನಗಳ ನಂತರ. ಬರೆದವರು ಅಬ್ದುಲ್ಲತೀಫ್ ಅಲ್ ಬಗ್ದಾದಿ ಎಂಬ ವೈದ್ಯ. ಈಜಿಪ್ಟಿನ ಬಗ್ಗೆ ಬರೆದ ತಮ್ಮ ಕೃತಿಯಲ್ಲಿ ಈ ಕಂಬವನ್ನು ವರ್ಣಿಸುತ್ತಾ ಅವರು, ಅರಿಸ್ಟಾಟಲ್ ಪಾಠ ಹೇಳುತ್ತಿದ್ದ ಮಂಟಪ ಇದೇ ಇರಬೇಕೆಂದೂ, ಖಲೀಫರ ಅನುಮತಿಯಿಂದ ಅಮ್ರ್ ಸುಟ್ಟ ಗ್ರಂಥಾಲಯ ಇಲ್ಲಿತ್ತೆಂದೂ ಒಂದೆರಡು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಅರಿಸ್ಟಾಟಲ್ ಅಲೆಕ್ಸಾಂಡ್ರಿಯಾದಲ್ಲಿ ಎಂದೂ ಪಾಠ ಹೇಳಿದವನಲ್ಲ. ನಗರಕ್ಕೆ ಅಡಿಪಾಯ ಬಿದ್ದದ್ದು ಕ್ರಿ.ಪೂ. 331ರಲ್ಲಿ, ಆತ ತೀರಿಕೊಂಡದ್ದು ಕ್ರಿ.ಪೂ. 322ರಲ್ಲಿ, ದೂರದ ಗ್ರೀಸ್‌ನಲ್ಲಿ. ಕಂಬದ ಸುತ್ತ ಅಂದು ಜನ ಆಡಿಕೊಳ್ಳುತ್ತಿದ್ದ ಮಾತುಗಳನ್ನು ಅವರು ಹಾಗೆಯೇ ಬರೆದುಕೊಂಡಿದ್ದಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಇಂದಿನ ಬಸ್ಸಿನ ಮಾರ್ಗದರ್ಶಿಗಳಿಗೆ ಇದ್ದಂತೆ ಅಂದಿನವರಿಗೂ ಕಥೆ ಬೇಕಿತ್ತು!

ವಿಪರ್ಯಾಸವೆಂದರೆ ಈ ಅಬ್ದುಲ್ಲತೀಫ್ ಸಾಮಾನ್ಯರಲ್ಲ. ಅದೇ ಕೃತಿಯಲ್ಲಿ ಅವರು ಈಜಿಪ್ಟಿನ ಕ್ಷಾಮದಲ್ಲಿ ಸತ್ತವರ ಎಲುಬುರಾಶಿಯನ್ನು ಪರೀಕ್ಷಿಸಿದ್ದನ್ನು ಬರೆಯುತ್ತಾರೆ. ಕೆಳದವಡೆಯಲ್ಲಿ ಎರಡು ಮೂಳೆಗಳಿವೆ ಎಂದು ಗ್ರೀಕ್ ವೈದ್ಯ ಗ್ಯಾಲನ್ ಬರೆದಿದ್ದ. ಸಾವಿರ ವರ್ಷ ಅದನ್ನು ಎಲ್ಲರೂ ನಂಬಿದ್ದರು. ಇವರು ನೂರಾರು ತಲೆಬುರುಡೆಗಳನ್ನು ನೋಡಿ, ಅಲ್ಲಿರುವುದು ಒಂದೇ ಮೂಳೆ ಎಂದು ಸಾರಿದರು. ಗ್ಯಾಲನ್‌ಗಿಂತ ಕಣ್ಣು ದೊಡ್ಡದು ಎಂದು ತೋರಿಸಿದ ಮನುಷ್ಯ ಕಂಬದ ಬುಡದಲ್ಲಿ ಮಾತ್ರ ಕಿವಿಯನ್ನು ನಂಬಿದರು. ಆ ಕಿವಿಮಾತು ಅವರ ದವಡೆಯ ಶೋಧಕ್ಕಿಂತ ದೂರ ಹೋಯಿತು.

ಅವರ ನಂತರ 13ನೇ ಶತಮಾನದಲ್ಲಿ ಇಬ್ನುಲ್ ಕಿಫ್ತಿ ಕಥೆಗೆ ಮೈ ತುಂಬಿದರು. ಪತ್ರ, ಉತ್ತರ, ಸ್ನಾನಗೃಹ ಎಲ್ಲವೂ ಬಂದದ್ದು ಅಲ್ಲಿ. ಗ್ರಂಥಗಳನ್ನು ತನಗೆ ಕೊಡಬೇಕೆಂದು ಅಮ್ರ್ ಬಳಿ ಬೇಡಿಕೊಳ್ಳುವ ವಿದ್ವಾಂಸ ಯಹ್ಯಾ ಅನ್ನಹ್ವಿಯ ಪಾತ್ರವೂ ಅಲ್ಲೇ ಇದೆ. ಈತ ಗ್ರೀಕರ ಜಾನ್ ಫಿಲೋಪೊನಸ್. ಆತ ಬದುಕಿದ್ದು ಆರನೇ ಶತಮಾನದಲ್ಲಿ, ತೀರಿಕೊಂಡದ್ದು ಸುಮಾರು 570ರಲ್ಲಿ. ಅಮ್ರ್ ಬರುವ ಎಪ್ಪತ್ತು ವರ್ಷ ಮೊದಲೇ ಸತ್ತವನು ಅವರ ಮುಂದೆ ಕೈಕಟ್ಟಿ ನಿಲ್ಲುವುದು ಹೇಗೆ? ಲೆಕ್ಕವನ್ನೂ ನೋಡೋಣ. ಒಂದೊಂದು ಸ್ನಾನಗೃಹಕ್ಕೆ ದಿನಕ್ಕೆ ಹತ್ತೇ ಸುರುಳಿಗಳೆಂದು ಹಿಡಿದರೂ ಆರು ತಿಂಗಳಿಗೆ 72 ಲಕ್ಷ ಬೇಕು. ಗ್ರಂಥಾಲಯದ ಉಚ್ಛ್ರಾಯ ಕಾಲದ ಬಗ್ಗೆ ಪ್ರಾಚೀನರು ಹೇಳುವ ಅತಿ ದೊಡ್ಡ ಸಂಖ್ಯೆಯೇ ಏಳು ಲಕ್ಷ. ಅದೂ ಉತ್ಪ್ರೇಕ್ಷೆಯೆಂದೇ ಇಂದಿನ ವಿದ್ವಾಂಸರ ಎಣಿಕೆ.

ಇನ್ನೂ ಒಂದು ಮಾತಿದೆ. ನಗರದ ಶರಣಾಗತಿಯ ಒಪ್ಪಂದ 641ರಲ್ಲಿ ಆಯಿತು. ಪ್ರವೇಶಕ್ಕೆ ಹನ್ನೊಂದು ತಿಂಗಳ ಗಡುವು ಇತ್ತು. ಆ ಅವಧಿಯಲ್ಲಿ ರೋಮನ್ನರು ತಮ್ಮ ಸೊತ್ತನ್ನು ಹಡಗಿನಲ್ಲಿ ಒಯ್ಯಲು ಸ್ವತಂತ್ರರಿದ್ದರು. ಬೆಲೆಬಾಳುವ ಗ್ರಂಥರಾಶಿ ಅಲ್ಲಿದ್ದಿದ್ದರೆ ಅದನ್ನು ಬಿಟ್ಟು ಹೋಗುತ್ತಿದ್ದರೇ ಎಂದು ಕೇಳಿದವರು ಬ್ರಿಟಿಷ್ ಇತಿಹಾಸಕಾರ ಆಲ್ಫ್ರೆಡ್ ಬಟ್ಲರ್, 1902ರಲ್ಲಿ. ಅದಕ್ಕೂ ಮೊದಲು ಗಿಬ್ಬನ್ ಕಥೆಯನ್ನು ನಂಬಲು ನಿರಾಕರಿಸಿದ್ದ. ಭಾರತದಲ್ಲಿ ಶಿಬ್ಲಿ ನುಅಮಾನಿ 19ನೇ ಶತಮಾನದ ಕೊನೆಯಲ್ಲಿ ಉರ್ದುವಿನಲ್ಲಿ ಇದರ ಮೇಲೆಯೇ ಒಂದು ಪ್ರಬಂಧ ಬರೆದು ಆಧಾರಗಳನ್ನು ಒಂದೊಂದಾಗಿ ಬಿಡಿಸಿಟ್ಟರು. ಇಷ್ಟಾದರೂ ಕಥೆ ಸಾಯಲಿಲ್ಲ. ಅದನ್ನು ಮೊದಲು ಬರೆದವರು ಮುಸ್ಲಿಮರೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಅವರೇ. ಸಲಾಹುದ್ದೀನರು ಕೈರೋದ ಫಾತಿಮಿ ಗ್ರಂಥಭಂಡಾರವನ್ನು ಮಾರಿ ಚದುರಿಸಿದ ಕಾಲ ಅದು. ಆ ಕೃತ್ಯಕ್ಕೆ ಹಿರಿಯರ ಮಾದರಿಯೊಂದು ಬೇಕಾಗಿತ್ತೇನೋ ಎಂದು ಬರ್ನಾರ್ಡ್ ಲೂಯಿಸ್ ಊಹಿಸಿದ್ದಾರೆ. ಊಹೆ ಊಹೆಯೇ. ಆದರೆ ನಮ್ಮವರು ಬರೆದರೆಂಬ ಕಾರಣಕ್ಕೆ ಸುಳ್ಳು ನಿಜವಾಗುವುದಿಲ್ಲ.

ಹಾಗಾದರೆ ಸುಟ್ಟವರು ಯಾರು? ಕ್ರಿ.ಪೂ. 48ರಲ್ಲಿ ಜೂಲಿಯಸ್ ಸೀಸರ್ ಬಂದರಿನಲ್ಲಿ ಹಡಗುಗಳಿಗೆ ಹಚ್ಚಿದ ಬೆಂಕಿ ಗ್ರಂಥಾಲಯಕ್ಕೆ ಹಬ್ಬಿತೆಂದು ಪ್ಲುಟಾರ್ಕ್ ಬರೆಯುತ್ತಾನೆ. ಕ್ರಿ.ಶ. 272ರ ಸುಮಾರಿಗೆ ಸಾಮ್ರಾಟ ಆರೇಲಿಯನ್‌ನ ಯುದ್ಧದಲ್ಲಿ ಅರಮನೆಯ ಬಡಾವಣೆಯೇ ನೆಲಸಮವಾಯಿತು. 391ರ ಹೊತ್ತಿಗೆ ಬಿಷಪ್ ಥಿಯೋಫಿಲಸ್‌ನ ಕಾಲದಲ್ಲಿ ಈ ದಿಬ್ಬದ ಸೆರಾಪಿಸ್ ಆಲಯವನ್ನು ಕೆಡವಲಾಯಿತು. ವಿಗ್ರಹ ಒಡೆದದ್ದನ್ನು ಅಂದಿನವರು ವಿವರವಾಗಿ ಬರೆದಿದ್ದಾರೆ, ಪುಸ್ತಕಗಳ ಮಾತೇ ಇಲ್ಲ. ಆಗಲೇ ಅಲ್ಲಿ ಪುಸ್ತಕಗಳು ಉಳಿದಿರಲಿಲ್ಲವೆಂದು ತೋರುತ್ತದೆ. ಆದ್ದರಿಂದ ಮುಸ್ಲಿಮರ ತಲೆಯಿಂದ ಇಳಿಸಿದ ಹೊರೆಯನ್ನು ಕ್ರೈಸ್ತರ ತಲೆಗೆ ಏರಿಸುವ ಉತ್ಸಾಹವೂ ನಮಗೆ ಬೇಡ. ನನಗನಿಸುವಂತೆ ಹೆಚ್ಚಿನ ಹಾನಿ ಮಾಡಿದ್ದು ಬೆಂಕಿಯಲ್ಲ. ಕ್ರಿ.ಪೂ. 145ರಲ್ಲಿ ಎಂಟನೇ ಟಾಲೆಮಿ ಸಿಂಹಾಸನದ ಜಗಳದಲ್ಲಿ ವಿದ್ವಾಂಸರನ್ನೇ ನಗರದಿಂದ ಓಡಿಸಿದ. ಪಪೈರಸ್ ಸುರುಳಿ ತಾನಾಗಿ ಬಾಳುವಂಥದ್ದಲ್ಲ, ತಲೆಮಾರಿಗೊಮ್ಮೆ ನಕಲು ಮಾಡುತ್ತಲೇ ಇರಬೇಕು. ನಕಲು ಮಾಡುವವನಿಗೆ ಸಂಬಳ ಕೊಡುವ ದೊರೆ ಇಲ್ಲದ ಮೇಲೆ ಯಾರೂ ಕಡ್ಡಿ ಗೀರಬೇಕಾಗಿಲ್ಲ.

ಒಂಬತ್ತನೇ ಶತಮಾನದಲ್ಲಿ ಬಗ್ದಾದಿನ ಅನುವಾದಕ ಹುನೈನ್ ಬಿನ್ ಇಸ್‌ಹಾಕ್ ಗ್ಯಾಲನ್‌ನ ಒಂದು ಗ್ರಂಥಕ್ಕಾಗಿ ಇರಾಕ್, ಸಿರಿಯಾ, ಫೆಲೆಸ್ತೀನ್ ಅಲೆದು ಅಲೆಕ್ಸಾಂಡ್ರಿಯಾದವರೆಗೂ ಹೋದರು. ಕೊನೆಗೆ ಅರ್ಧದಷ್ಟು ಸಿಕ್ಕಿದ್ದು ದಮಾಸ್ಕಸ್‌ನಲ್ಲಿ. ಇದನ್ನು ಅವರೇ ಬರೆದಿಟ್ಟಿದ್ದಾರೆ. ಹುನೈನ್ ಕ್ರೈಸ್ತರು, ಅವರಿಗೆ ಹಣ ಕೊಟ್ಟವರು ಮುಸ್ಲಿಮರು. ಒಂದು ಪುಸ್ತಕಕ್ಕಾಗಿ ನಾಲ್ಕು ದೇಶ ಸುತ್ತಿದ ಈ ಮನುಷ್ಯನ ಬಗ್ಗೆ ಕಂಬದ ಬುಡದಲ್ಲಿ ಯಾರೂ ಹೇಳುವುದಿಲ್ಲ.

ಕಂಬದಿಂದ ಬಸ್ಸು ಕಡಲಿಗೆ ಇಳಿಯುತ್ತದೆ. ಕೋಟೆಯನ್ನು ಮಮ್ಲೂಕ್ ಸುಲ್ತಾನ ಖಾಯಿತ್‌ಬೇ 1477-79ರಲ್ಲಿ ಕಟ್ಟಿಸಿದ. ಕಟ್ಟಿಸಿದ ಜಾಗ ಪ್ರಾಚೀನ ಜಗತ್ತಿನ ಅದ್ಭುತಗಳಲ್ಲಿ ಒಂದಾದ ದೀಪಸ್ತಂಭದ್ದು. ಕ್ರಿ.ಪೂ. 280ರ ಸುಮಾರಿಗೆ ಮುಗಿದ, 100 ಮೀಟರಿಗೂ ಎತ್ತರವಿದ್ದ ಆ ಗೋಪುರವನ್ನು ಯಾರೂ ಕೆಡವಲಿಲ್ಲ, ಭೂಕಂಪಗಳು ಕೆಡವಿದವು. ಅದರಲ್ಲೂ 1303ರದ್ದು ಭೀಕರ. ಅರಬ್ ಆಡಳಿತದ ಆರೂವರೆ ಶತಮಾನಗಳ ಕಾಲ ಅದು ನಿಂತೇ ಇತ್ತು, ದುರಸ್ತಿಯನ್ನೂ ಕಂಡಿತು. ಸ್ಪೇನಿನಿಂದ ಹಜ್ಜಿಗೆ ಹೊರಟ ಇಬ್ನ್ ಜುಬೈರ್ 1183ರಲ್ಲಿ ಅದರ ತುದಿಯಲ್ಲಿದ್ದ ಮಸೀದಿಯಲ್ಲಿ ನಮಾಝ್ ಮಾಡಿದರು. ಅದೇ ಇಬ್ನ್ ಜುಬೈರ್ ಬಂದರಿನ ಸುಂಕದವರ ಬಗ್ಗೆ ಬರೆದದ್ದೂ ಓದಬೇಕಾದದ್ದೇ: ಹಜ್ ಯಾತ್ರಿಕರ ಗಂಟುಮೂಟೆ ಬಿಚ್ಚಿಸಿ, ಸೊಂಟಕ್ಕೆ ಕೈಹಾಕಿ ಹುಡುಕಿ, ದಾರಿಖರ್ಚಿನ ಹಣಕ್ಕೂ ಝಕಾತ್ ಕೇಳಿ ಅವಮಾನಿಸಿದರು. ಸುಲ್ತಾನ ಸಲಾಹುದ್ದೀನರಿಗೆ ಇದು ತಿಳಿದರೆ ನಿಲ್ಲಿಸುತ್ತಿದ್ದರು ಎಂದು ಅವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತವರೆಲ್ಲರಿಗೂ ಈ ಸಮಾಧಾನದ ಪರಿಚಯವಿದೆ.

1326ರ ವಸಂತದಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದಾಗ ಗೋಪುರದ ಒಂದು ಮೈ ಕುಸಿದಿತ್ತು. 1349ರಲ್ಲಿ ಮರಳಿ ಬಂದಾಗ ಬಾಗಿಲಿಗೆ ಹತ್ತಲೂ ಆಗದಷ್ಟು ಹಾಳಾಗಿತ್ತು. ಈ ಎರಡು ಭೇಟಿಗಳ ನಡುವೆ ಆತ ನಮ್ಮ ಕರಾವಳಿಯನ್ನು ಕಂಡ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿ 13, ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳನ್ನು ನೋಡಿದ್ದಾಗಿ ಬರೆದ. ಮಂಗಳೂರಿನಲ್ಲಿ ಸುಮಾರು 4000 ಮುಸ್ಲಿಮರಿದ್ದರೆಂದೂ, ಅವರಿಗೂ ಊರವರಿಗೂ ಆಗಾಗ ಜಗಳ ಹತ್ತುತ್ತಿತ್ತೆಂದೂ, ವರ್ತಕರು ಬೇಕಾಗಿದ್ದ ಅರಸನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದನೆಂದೂ ಆತನ ವರದಿ. ಅಲೆಕ್ಸಾಂಡ್ರಿಯಾದ ಬಂದರನ್ನು ಹೊಗಳುವಾಗ, ಜಗತ್ತಿನಲ್ಲಿ ಇದಕ್ಕೆ ಸರಿಸಾಟಿಯಾದ ಕೆಲವೇ ಬಂದರುಗಳಲ್ಲಿ ಕೊಲ್ಲಂ ಮತ್ತು ಕಲ್ಲಿಕೋಟೆಯನ್ನು ಸೇರಿಸಿದ. ಅದು ಬರಿಯ ಹೋಲಿಕೆಯಲ್ಲ. ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು ಏಡನ್ ದಾಟಿ, ಕೆಂಪು ಸಮುದ್ರದ ದಡದಲ್ಲಿಳಿದು, ಒಂಟೆಯ ಬೆನ್ನೇರಿ, ನೈಲ್ ನದಿಯ ದೋಣಿಯಲ್ಲಿ ಕೈರೋಕ್ಕೆ, ಅಲ್ಲಿಂದ ಅಲೆಕ್ಸಾಂಡ್ರಿಯಾದ ಗೋದಾಮಿಗೆ ಬರುತ್ತಿತ್ತು. ವೆನಿಸ್‌ನ ವರ್ತಕರು ಅಲ್ಲಿ ಕಾದಿರುತ್ತಿದ್ದರು.

ದಾರಿ ಅದಕ್ಕಿಂತಲೂ ಹಳೆಯದು. ಕ್ರಿ.ಶ. ಎರಡನೇ ಶತಮಾನದ ಒಂದು ಪಪೈರಸ್ ಕರಾರು ಮುಝಿರಿಸ್ ಬಂದರಿನ ಸರಕನ್ನು ಅಲೆಕ್ಸಾಂಡ್ರಿಯಾಕ್ಕೆ ತಂದು, ನಾಲ್ಕನೇ ಒಂದು ಪಾಲು ಸುಂಕ ಕಟ್ಟುವ ವಿಷಯ ಹೇಳುತ್ತದೆ. ಅದೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಕುಳಿತು ಭೂಗೋಳ ಬರೆದ ಟಾಲೆಮಿಯ ಪಟ್ಟಿಯಲ್ಲಿ ಬನವಾಸಿಯ ಹೆಸರಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನ ತಿಪ್ಪೆಯಲ್ಲಿ ಸಿಕ್ಕಿ, 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನದ ಮಾತುಗಳು ಕನ್ನಡವೇ, ತುಳುವೇ, ಎರಡೂ ಅಲ್ಲವೇ ಎಂಬ ಚರ್ಚೆ ಶಾಮಶಾಸ್ತ್ರಿ, ಗೋವಿಂದ ಪೈಗಳ ಕಾಲದಿಂದ ನಡೆದೇ ಇದೆ. ಹನ್ನೆರಡನೇ ಶತಮಾನದಲ್ಲಿ ಮಂಗಳೂರಿನಲ್ಲಿ ಹದಿನೇಳು ವರ್ಷಗಳಷ್ಟು ಕಾಲ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬಿನ್ ಯಿಜು ಟ್ಯುನೀಸಿಯಾದ ಕಡಲೂರಿನವನು. ಕೈರೋದ ಸಿನೆಗಾಗ್‌ನಲ್ಲಿ ಉಳಿದ ಆತನ ಪತ್ರಗಳ ಬೆನ್ನುಹತ್ತಿಯೇ ಅಮಿತಾವ್ ಘೋಷ್ ಮಂಗಳೂರಿಗೆ ಬಂದದ್ದು. ಯಹೂದಿ ವರ್ತಕ, ಅರಬಿ ಭಾಷೆ, ತುಳುನಾಡಿನ ಮೆಣಸು. ಇವರು ಯಾರಿಗೂ ತಾವು ನಾಗರಿಕತೆಗಳ ಸಂಘರ್ಷದಲ್ಲಿದ್ದೇವೆ ಎಂದು ಗೊತ್ತಿರಲಿಲ್ಲ.

ಖಾಯಿತ್‌ಬೇ ಕೋಟೆ ಎದ್ದ ಇಪ್ಪತ್ತು ವರ್ಷಕ್ಕೆ, 1498ರಲ್ಲಿ, ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ. ಬಳಿಕ ಮೆಣಸಿನ ಪಾಲು ಹಂಚಿಹೋಯಿತು, ರಾಜಧಾನಿ ಇಸ್ತಾಂಬುಲ್ ಆಯಿತು, ಕಾಲುವೆಗಳಲ್ಲಿ ಹೂಳು ತುಂಬಿತು. 1798ರಲ್ಲಿ ನೆಪೋಲಿಯನ್ ಇಳಿದಾಗ ಅಲೆಕ್ಸಾಂಡ್ರಿಯಾ ಕೆಲವೇ ಸಾವಿರ ಜನರ ಊರು.

ಅಲ್ಲಿಂದ ಮುಂದಿನ ಇತಿಹಾಸಕ್ಕೆ ಬಸ್ಸು ನಿಲ್ಲುವುದೇ ಇಲ್ಲ. ಮುಹಮ್ಮದ್ ಅಲಿ ಪಾಷಾ 1817-20ರಲ್ಲಿ ಮಹ್ಮೂದಿಯ್ಯ ಕಾಲುವೆ ತೋಡಿಸಿ ನೈಲ್ ನದಿಯ ನೀರನ್ನು ಮತ್ತೆ ಊರಿಗೆ ತಂದ. ಹಳ್ಳಿಗಳಿಂದ ಹಿಡಿದು ತಂದ ಬಿಟ್ಟಿ ಕೂಲಿಗಳು ಸಾವಿರಗಟ್ಟಲೆ ಅಲ್ಲಿ ಸತ್ತರು. ಆಮೇಲೆ ಬಂತು ಹತ್ತಿ. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ನಿಂತುಹೋದಾಗ ಬೆಲೆ ಆಕಾಶಕ್ಕೇರಿತು. ಧಾರವಾಡದ ಹತ್ತಿಗಾಗಿ ಕಾರವಾರ ಬಂದರನ್ನು ಬೆಳೆಸಲು ಹೊರಟದ್ದೂ, 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತಕ್ಕೆ ಸೇರಿಸಿದ್ದೂ ಅದೇ ದಿನಗಳಲ್ಲಿ. ಕಾರವಾರ ಅಲೆಕ್ಸಾಂಡ್ರಿಯಾ ಆಗಲಿಲ್ಲ. ಆದರೆ ಅಲೆಕ್ಸಾಂಡ್ರಿಯಾ ಗ್ರೀಕ್, ಇಟಾಲಿಯನ್, ಯಹೂದಿ, ಸಿರಿಯನ್ ವರ್ತಕರ ಬೀಡಾಯಿತು. ಹತ್ತಿಯ ಭರವಸೆಯ ಮೇಲೆ ಖದೀವ್ ಇಸ್ಮಾಈಲ್ ಸಾಲ ಮಾಡಿದ, ಬೆಲೆ ಕುಸಿಯಿತು, ಸಾಲಗಾರರು ಬಾಗಿಲಿಗೆ ಬಂದರು. ಅದನ್ನು ಪ್ರತಿಭಟಿಸಿ ಎದ್ದ ಉರಾಬಿ ಪಾಷಾನನ್ನು ಬಗ್ಗಿಸಲು 1882ರ ಜುಲೈ 11ರಂದು ಬ್ರಿಟಿಷ್ ನೌಕಾಪಡೆ ನಗರದ ಮೇಲೆ ಗುಂಡಿನ ಮಳೆಗರೆಯಿತು. ಖಾಯಿತ್‌ಬೇ ಕೋಟೆಯ ಮಿನಾರ ಉರುಳಿದ್ದು ಆಗ. ಊರಿನ ನಡುಭಾಗ ಉರಿದುಹೋಯಿತು. ಆ ಯುದ್ಧಕ್ಕೆ ಭಾರತದಿಂದಲೂ ಸೈನಿಕರು ಹೋದರು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಯುದ್ಧಗೌರವಗಳಲ್ಲಿ ಈಜಿಪ್ಟ್ 1882 ಎಂಬುದು ಸೇರಿದೆ. ಗ್ರಂಥಾಲಯದ ಬೆಂಕಿಯ ಬಗ್ಗೆ ತಾಸುಗಟ್ಟಲೆ ವಾದಿಸುವವರಿಗೆ ಹೆಸರು, ತಾರೀಖು, ಸೇನಾಪತಿ ಎಲ್ಲವೂ ಖಚಿತವಾಗಿ ಗೊತ್ತಿರುವ ಈ ಬೆಂಕಿ ನೆನಪಾಗುವುದಿಲ್ಲ.

ಆ ಬೂದಿಯ ಮೇಲೆ ಮತ್ತೆ ಕಟ್ಟಿದ ಮನ್ಶಿಯ್ಯ ಚೌಕದಲ್ಲಿ 1956ರ ಜುಲೈ 26ರಂದು ನಾಸಿರ್ ಸುಯೆಜ್ ಕಾಲುವೆಯ ರಾಷ್ಟ್ರೀಕರಣವನ್ನು ಸಾರಿದರು. ನಾಸಿರ್ ಸ್ವತಃ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದವರು. ಜನ ಹುಚ್ಚೆದ್ದು ಕುಣಿದರು, ಕುಣಿಯಲು ಕಾರಣವೂ ಇತ್ತು. ಆದರೆ ಅದರ ಬೆನ್ನಿಗೇ ಬಂದ ಯುದ್ಧದ ನಂತರ ತಲೆಮಾರುಗಳಿಂದ ಅಲ್ಲೇ ಬದುಕಿದ್ದ ಯಹೂದಿಗಳು, ಆಮೇಲೆ ಗ್ರೀಕರು, ಇಟಾಲಿಯನ್ನರು ಒಂದೊಂದು ಪೆಟ್ಟಿಗೆ ಹಿಡಿದು ಹಡಗು ಹತ್ತಬೇಕಾಯಿತು. ಅವರಲ್ಲಿ ಸಾಹುಕಾರರೂ ಇದ್ದರು, ದರ್ಜಿಗಳೂ ಅಡುಗೆಯವರೂ ಇದ್ದರು. ವಸಾಹತುಶಾಹಿಯ ಲೆಕ್ಕವನ್ನು ನೆರೆಮನೆಯವರಿಂದ ವಸೂಲು ಮಾಡಿದ್ದನ್ನು ನಾವು ಸಮರ್ಥಿಸಲಾಗದು. ನಬಿ ದಾನಿಯಾಲ್ ಬೀದಿಯ ಎಲಿಯಾಹು ಹನವಿ ಸಿನೆಗಾಗನ್ನು ಈಜಿಪ್ಟ್ ಸರಕಾರ ದುರಸ್ತಿ ಮಾಡಿಸಿ 2020ರಲ್ಲಿ ತೆರೆಯಿತು. ನೂರಾರು ಜನ ಕೂರಬಹುದಾದ ಆ ಕಟ್ಟಡಕ್ಕೆ ಊರಿನಲ್ಲಿ ಉಳಿದಿದ್ದ ಯಹೂದಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಪ್ರವಾಸಿ ಕೈಪಿಡಿಗಳ ಮಾತು ಬಂದಾಗ ಇಂಗ್ಲಿಷ್ ಕಾದಂಬರಿಕಾರ ಫಾರ್ಸ್ಟರ್‌ನನ್ನು ಬಿಡಲಾಗದು. ಮೊದಲ ಮಹಾಯುದ್ಧದಲ್ಲಿ ರೆಡ್ ಕ್ರಾಸ್ ಕೆಲಸಕ್ಕೆ ಬಂದು ಈ ಊರಲ್ಲಿದ್ದ ಆತ 1922ರಲ್ಲಿ ಇದರ ಇತಿಹಾಸ ಮತ್ತು ಕೈಪಿಡಿಯನ್ನು ಒಟ್ಟಿಗೆ ಪ್ರಕಟಿಸಿದ. ಪ್ರಕಾಶಕರ ಗೋದಾಮಿಗೆ ಬೆಂಕಿ ಬಿದ್ದು ಪ್ರತಿಗಳೆಲ್ಲ ಸುಟ್ಟವೆಂದು ವಿಮೆಯ ಹಣವೂ ಬಂತು. ಆಮೇಲೆ ನೋಡಿದರೆ ಪುಸ್ತಕಗಳು ನೆಲಮಾಳಿಗೆಯಲ್ಲಿ ಸುರಕ್ಷಿತವಾಗಿದ್ದವು! ವಿಮೆಯ ಹಣ ತೆಗೆದುಕೊಂಡಾಗಿದೆ, ಇನ್ನೇನು ಮಾಡುವುದೆಂದು ಅವುಗಳನ್ನು ಬೇಕೆಂದೇ ಸುಟ್ಟರು. ಇದಕ್ಕೆ ಯಾವ ಖಲೀಫರೂ ಹೊಣೆಯಲ್ಲ.

ಬಸ್ಸಿನ ಕೊನೆಯ ನಿಲುಗಡೆ ಹೊಸ ಗ್ರಂಥಾಲಯ, 2002ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಬಿಬ್ಲಿಯೋಥಿಕಾ ಅಲೆಕ್ಸಾಂಡ್ರಿನಾ. ಕಡಲ ಕಡೆಗೆ ಓರೆಯಾಗಿ ಬಾಗಿದ ದೊಡ್ಡ ತಟ್ಟೆಯಂತಹ ಚಾವಣಿ, ಅಸ್ವಾನ್ ಗ್ರಾನೈಟಿನ ಗೋಡೆಯ ಮೇಲೆ 120 ಲಿಪಿಗಳ ಅಕ್ಷರಗಳು, ಸುಮಾರು ಎರಡು ಸಾವಿರ ಜನ ಕೂರಬಲ್ಲ ಓದುವ ಕೋಣೆ. ಇಷ್ಟು ದೊಡ್ಡ ಕಟ್ಟಡಕ್ಕೆ ಸುರಿದ ಹಣವನ್ನು ಊರ ಶಾಲೆಗಳಿಗೆ ಕೊಡಬಾರದಿತ್ತೇ ಎಂಬ ಟೀಕೆ ಆಗಲೂ ಇತ್ತು, ಅದರಲ್ಲಿ ಹುರುಳಿಲ್ಲದಿಲ್ಲ. 2011ರ ಜನವರಿಯ ಕೊನೆಯಲ್ಲಿ ಮುಬಾರಕ್ ವಿರುದ್ಧ ಜನ ಬೀದಿಗಿಳಿದಾಗ ಪೊಲೀಸರು ಊರಿನಿಂದ ಮಾಯವಾದರು. ಠಾಣೆಗಳು ಉರಿಯುತ್ತಿದ್ದವು. ಆಗ ಯುವಕ ಯುವತಿಯರು, ವಿದ್ಯಾರ್ಥಿಗಳು, ಗ್ರಂಥಾಲಯದ ನೌಕರರು ಕೈಗೆ ಕೈ ಹೆಣೆದು ಈ ಕಟ್ಟಡದ ಸುತ್ತ ನಿಂತರು. ಮೆಟ್ಟಿಲುಗಳ ಮೇಲೆ ಉದ್ದನೆಯ ಈಜಿಪ್ಟ್ ಧ್ವಜವನ್ನು ಹಾಸಿದರು. ಒಂದು ಪುಸ್ತಕವೂ ಹೋಗಲಿಲ್ಲ.

ಕೈರೋದ ಬಸ್ಸುಗಳು ಇಲ್ಲಿಗೆ ಬರುವಾಗ ಸಾಮಾನ್ಯವಾಗಿ ಹೊತ್ತಾಗಿರುತ್ತದೆ. ಒಳಗೆ ಹೋಗಲು ಸಮಯವಿಲ್ಲದ ಗುಂಪುಗಳು ರಸ್ತೆಯ ಆಚೆ ಕಡಲ ಕಟ್ಟೆಯ ಮೇಲೆ ನಿಂತು ಫೋಟೋ ತೆಗೆದುಕೊಂಡು ಬಸ್ಸು ಹತ್ತುತ್ತವೆ.